ಅಕ್ಕನ ಬೋರ್ಡು

ಮೊನ್ನೆ ಆಸ್ಪತ್ರೆಯಲ್ಲಿ ನನ್ನ ನೋಯುವ ಬೆರಳುಗಳಿಗೆ ಬಿಸಿ ಮೇಣ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾರಾಯಣಗೂಡದ ಪಕ್ಕದ ಮನೆಯ ಅಕ್ಕ ನೆನಪಾದಳು...

ಅವಳೂ ನಮ್ಮಂತೆ ಕಲಬುರಗಿ ಕಡೆಯಿಂದ ಆ ತೆಲುಗು ಶಹರಕ್ಕೆ ಬಂದವಳು. ಫಿಸಿಯೊಥೆರಪಿ ಓದಿ, ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ ತೆರೆದಿದ್ದಳು. ಒಂದು ಮಂಚ, ತೋಳಿನ ವ್ಯಾಯಾಮಕ್ಕೆಂದು ಬಾಗಿಲಿಗೆ ಕಟ್ಟಿದ ಹಗ್ಗ-ರಾಟೆ, ಮೇಣ ಕರಗಿಸಲು ಅನ್ನದ ಕುಕ್ಕರ್. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಗೆ ಓಡುತ್ತಿದ್ದ ಕಾಲ. ಇವಳೊಬ್ಬಳು ಬೋರ್ಡು ಹಾಕಿಕೊಂಡು ಜನರ ದಾರಿ ಕಾಯುತ್ತಿದ್ದಳು. ಬಂದವರೂ "ಮಾಲೀಶ್ ಮಾಡ್ತೀರೇನ್ರಿ?" ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಅವಳು ನಗುತ್ತಿದ್ದಳು.

ಅದೇ ವರ್ಷ ಅವ್ವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅಕ್ಕ ದಿನಾ ಬಂದಳು. ತಿಂಗಳುಗಟ್ಟಲೆ ಹೆಣಗಿದ ಮೇಲೆ ಅವ್ವನ ಬೆರಳುಗಳು ಸ್ಟೀಲ್ ಲೋಟ ಹಿಡಿಯತೊಡಗಿದವು. ಯಾರೂ ಎತ್ತಿಕೊಡಕೂಡದೆಂದು ಅಕ್ಕನ ಕಟ್ಟಪ್ಪಣೆ.

"ನಿಮ್ಮವ್ವ ತಾನೇ ನೀರು ಕುಡದ್ರ ಸಾಕು, ಈ ಗಲ್ಯಾಗ ನನ್ನ ಬೋರ್ಡು ನಿಲ್ತದ" ಎಂದಿದ್ದಳು.

ಆದರೆ ಕಾಯಿಲೆಯವರಿಗೆ ಕೈಯಾರೆ ಉಣಿಸಿ ಕುಡಿಸುವುದು ನಮ್ಮಲ್ಲಿ ಮನೆಯವರ ಧರ್ಮ. ನೋಡಲು ಬಂದ ದೊಡ್ಡವ್ವನ ಎದುರು ಅವ್ವನ ಕೈ ನಡುಗಿ, ನೀರು ಸೀರೆಯ ಮೇಲೆ ಚೆಲ್ಲಿತು. ದೊಡ್ಡವ್ವ ಲೋಟ ಕಸಿದುಕೊಂಡರು.

"ಇದ್ಯಾವ ದವಾನ್ರಿ? ಆರಾಮಿಲ್ದಾಕಿನ ಕಡಿಂದ ದುಡಸ್ಲಕತ್ತೀರಲ್ಲ?"

"ಅವರೇ ಕುಡೀಲಿ ಬಿಡ್ರಿ, ದೊಡ್ಡವ್ವ..." ಅಕ್ಕನ ಮಾತು ಯಾರಿಗೂ ಬೇಕಿರಲಿಲ್ಲ. ಅವ್ವ ನಾಚಿ ಕೈ ಮಡಿಚಿಕೊಂಡಳು, ಬಾಯಿ ತೆರೆದಳು. ಅಂದಿನಿಂದ ನಾವೇ ಕುಡಿಸತೊಡಗಿದೆವು; ಅವ್ವ ಸಾಯುವವರೆಗೂ ಆ ಕೈ ಬಿಚ್ಚಲಿಲ್ಲ.

ಮಾತು ಗಲ್ಲಿಯ ತುಂಬ ಹರಡಿತು: ರೋಗಿಗಳ ಕೈಲಿ ಕೆಲಸ ಮಾಡಿಸುವವಳಂತೆ. ಬರುತ್ತಿದ್ದ ನಾಲ್ಕು ಜನರೂ ಬರುವುದನ್ನು ನಿಲ್ಲಿಸಿದರು. ಒಂದು ದಿನ ಅಕ್ಕನೇ ಸ್ಟೂಲು ಹತ್ತಿ ಬೋರ್ಡು ಇಳಿಸಿದಳು.

ಎಷ್ಟೋ ದಿನಗಳ ಮೇಲೆ ಅಮೀರ್‌ಪೇಟೆ ಬಸ್‌ಸ್ಟಾಪಿನಲ್ಲಿ ಸಿಕ್ಕಳು. ವಿದೇಶದ ಡಾಕ್ಟರುಗಳ ಮಾತು ಕೇಳಿ ಟೈಪು ಮಾಡುವ ಕೆಲಸವಂತೆ. ಮಣಿಕಟ್ಟಿಗೆ ಪಟ್ಟಿ ಬಿಗಿದಿತ್ತು.

"ಭಾಳ ನೋಯ್ತದ" ಎಂದಳು.

"ನೀವಾದ್ರೂ ವ್ಯಾಯಾಮ ಮಾಡ್ಕೋರಿ, ಅಕ್ಕ."

"ಇನ್ನ ಯಾರಿಗಂತ ಮಾಡ್ಲಿ, ತಂಗಿ?" ಎಂದು ಬಸ್ಸು ಹತ್ತಿದಳು. ಮತ್ತೆ ನೋಡಲಿಲ್ಲ. ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ... ಅವಳಂಥ ಕೈಗುಣ ನಾನು ಇನ್ನೆಲ್ಲೂ ಕಾಣಲಿಲ್ಲ.

ಮೊನ್ನೆ ಆಸ್ಪತ್ರೆಯಲ್ಲಿ ಮೇಣ ಬಿಡಿಸಿದ ಮೇಲೆ ನೀರಿನ ಲೋಟಕ್ಕೆ ಕೈ ಚಾಚಿದೆ. ಜೊತೆಗೆ ಬಂದಿದ್ದ ಸೊಸೆ ಲೋಟವನ್ನು ತಾನೇ ಎತ್ತಿಕೊಂಡಳು.

"ನೀವ್ ಇರ್ರಿ ಅತ್ತಿ, ನಾ ಕುಡಸ್ತೀನಿ."

ಎಷ್ಟು ಪ್ರೀತಿಯಿಂದ ಅಂದಳೆಂದರೆ, ಬೇಡವೆನ್ನಲಾಗಲಿಲ್ಲ. ಬಾಯಿ ತೆರೆದೆ.