ಹವೇಲಿಯ ಹಳದಿ ಹುಲ್ಲು

ನಮ್ಮೂರು ಸಗರದ ಮರಿಲಿಂಗಮ್ಮ ಯಾರ ಮನೆಗೆ ಹೋದರೂ ಅಂಗಳದ ನಡುವೆ ಕಾಲಿಡುವುದಿಲ್ಲ, ಗೋಡೆಗುಂಟ ನಡೆಯುತ್ತಾಳೆ. ಕೂಲಿ ಮಾಡಿಯೇ ಅರವತ್ತೆಂಟು ವರ್ಷ ಕಳೆದ ಹೆಣ್ಣುಮಗಳು. "ಹಲ್ಲಿ ಬಂತ್ ನೋಡ್ರಿ" ಎಂದು ಓಣಿಯವರು ನಗುತ್ತಾರೆ. ಅವಳೂ ನಗುತ್ತಾಳೆ, ಗೋಡೆ ಮಾತ್ರ ಬಿಡುವುದಿಲ್ಲ.

ಅದಕ್ಕೆ ಕಾರಣ ಸುರಪುರದ ಕಡೆಯ ಗುಡ್ಡದ ಮೇಲಿನ ಹಳೆಯ ಹವೇಲಿ. ಅವಳು ಒಂಬತ್ತು ವರ್ಷದವಳಿದ್ದಾಗ ಅಲ್ಲಿಯ ಅಂಗಳದಲ್ಲಿ ಹಗೇವುಗಳಿದ್ದವು, ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿಗಳು. ಬಾಯಿಯ ಚಪ್ಪಡಿ ತೆಗೆದ ಮೇಲೆ ಮೊದಲು ಉರಿಯುವ ಕಂದೀಲು ಇಳಿಬಿಡಬೇಕು. ಅದು ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಅಂದು ಯಾರೂ ಇಳಿಯುವುದಿಲ್ಲ. ಒಂದು ದಿನ ಅವಸರದಲ್ಲಿ ಕಂದೀಲು ಬಿಡದೆಯೇ, ಅಲ್ಲಿ ಕೂಲಿಗಿದ್ದ ಅವಳ ಅಣ್ಣ ಜೋಳ ತೆಗೆಯಲು ಇಳಿದ. ಬುಟ್ಟಿ ಹಿಡಿದು ಮೇಲೆ ನಿಂತವಳು ಮರಿಲಿಂಗಮ್ಮ. ಎಷ್ಟು ಕರೆದರೂ ಅವನು ಓ ಎನ್ನಲಿಲ್ಲ.

ಕಳೆದ ಜನವರಿಯಲ್ಲಿ ನಮ್ಮ ಓಣಿಯವರೆಲ್ಲ ಟಂಟಂ ಗಾಡಿ ಮಾಡಿಕೊಂಡು ಆ ಹವೇಲಿ ನೋಡಲು ಹೊರಟೆವು. ಈಗ ಅಲ್ಲಿ ಕಾರಂಜಿ, ಗುಲಾಬಿ, ಹುಲ್ಲುಹಾಸು ಎಲ್ಲ ಆಗಿದೆ ಎಂದು ಸುದ್ದಿ. ಮರಿಲಿಂಗಮ್ಮ ಒಲ್ಲೆ ಎಂದಿದ್ದಳು. ಏಳು ವರ್ಷದ ಮೊಮ್ಮಗಳು ಅನುರಾಧಾ ಹೊರಟು ನಿಂತದ್ದರಿಂದ ಬಂದಳು.

ನಾವು ಗಚ್ಚಿನ ಕಮಾನು, ಬಣ್ಣದ ಗಾಜು, ಸಾಗವಾನಿ ಕಂಬ ನೋಡಿದೆವು. ಅವಳು ನೆಲ ನೋಡುತ್ತಿದ್ದಳು. ಹಗೇವುಗಳ ಗುರುತು ಒಂದೂ ಉಳಿದಿರಲಿಲ್ಲ. ಮಾಲಿ ಶರೀಫಸಾಬ ಹುಲ್ಲಿನ ನಡುವೆ ದುಂಡಗೆ ಹಳದಿಯಾದ ಜಾಗ ತೋರಿಸಿ, ಎಷ್ಟು ನೀರು ಬಿಟ್ಟರೂ ಇಲ್ಲಿ ಹಸಿರಾಗುವುದಿಲ್ಲ ಎಂದು ಬೇಸರಪಟ್ಟ. ಕೆಳಗಿರುವುದು ಹಗೇವಿನ ಚಪ್ಪಡಿ ಎಂದು ಮರಿಲಿಂಗಮ್ಮನಿಗೆ ಹೊಳೆಯಿತು. ಅಷ್ಟರಲ್ಲಿ ಅನುರಾಧಾ ಅದೇ ಹಳದಿಯ ಮೇಲೆ ಒಂಟಿಗಾಲಲ್ಲಿ ಜಿಗಿಯತೊಡಗಿದ್ದಳು. ಪ್ರತಿ ಜಿಗಿತಕ್ಕೂ ನೆಲ ಖಾಲಿ ಕೊಡದಂತೆ ಸದ್ದು ಮಾಡುತ್ತಿತ್ತು.

ಅಜ್ಜಿ ಕೂಗಲಿಲ್ಲ. ಕೂಗಿದರೆ ಹುಡುಗಿ ಓಡುತ್ತಾಳೆ.

"ಅನೂ, ಜಿಗೀಬ್ಯಾಡವ್ವ. ಹಂಗ ಕೂಡು. ಕೂಸಿನಂಗ ಅಂಬೆಗಾಲಿಟ್ಟು ಬಾ."

"ಅಂಗಿ ಹೊಲಸಾಗ್ತದ ಆಯಿ. ಅವ್ವ ಬೈತಾಳ."

"ನಾ ಬೈಸ್ಕೋತೀನಿ. ಬಾ."

ಗೋಡೆ ಬಿಟ್ಟು ಬಂದು ಅವಳು ಹುಲ್ಲಿನ ಮೇಲೆ ಬೋರಲು ಮಲಗಿದಳು, ಸೆರಗಿನ ತುದಿ ಮುಂದೆ ಚಾಚಿದಳು. ಹುಡುಗಿ ಅದನ್ನು ಹಿಡಿದು ಮೆಲ್ಲಗೆ ಈಚೆಗೆ ಬಂದಳು.

ಕೆಳಗೆ ಹಗೇವು ಇದೆ ಎಂದರೆ ಶರೀಫಸಾಬ ನಂಬಲಿಲ್ಲ. ಹಾರೆ ತಂದು ಒಂದೇಟು ಹಾಕಿದ. ಚಪ್ಪಡಿ ಮುರಿದು ಒಳಗೆ ಹೋಯಿತು. ಬಿದ್ದ ಸದ್ದು ತುಸು ತಡೆದು ಕೇಳಿಸಿತು. ಮುಗ್ಗಿದ ವಾಸನೆ ಮೇಲೆ ಬಂತು. ಅವನು ಇಣುಕಲು ಹೋದಾಗ ಮರಿಲಿಂಗಮ್ಮ ಅವನ ಅಂಗಿ ಹಿಡಿದು ಎಳೆದಳು.

"ಬಗ್ಗಬ್ಯಾಡ್ರಿ ಸಾಬ್. ಮೊದಲ ಕಂದೀಲು."

ಆ ಹವೇಲಿಯಲ್ಲಿ ಈಗ ಕಂದೀಲು ಇರಲಿಲ್ಲ. ಟಂಟಂನವನು ಹಾರ್ನ್ ಹೊಡೆಯುತ್ತಲೇ ಇದ್ದ. ಗುಂಡಿಯ ಸುತ್ತ ಜಾಲಿಮುಳ್ಳು ಹಾಕುವವರೆಗೆ ಮರಿಲಿಂಗಮ್ಮ ಮೊಮ್ಮಗಳನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಆಮೇಲೆ, ಆಗ ಇಂಥವು ನಾಲ್ಕಿದ್ದವು, ಉಳಿದ ಮೂರು ಎಲ್ಲಿದ್ದವೋ ತನಗೆ ನೆನಪಿಲ್ಲ ಎಂದಳು.

ಗೇಟಿನವರೆಗೆ ನಾವೆಲ್ಲರೂ ಗೋಡೆಗುಂಟ ನಡೆದೆವು.