ಉಲ್ಲನ್ ದಾರದ ವೇಳಾಪಟ್ಟಿ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರದಲ್ಲಿ ಒಬ್ಬ ಸಿವಿಲ್ ಇಂಜಿನಿಯರರ ಪುಟ್ಟ ಆಫೀಸಿನಲ್ಲಿ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅಲ್ಲಿನ ಒಂದು ಕಂಪ್ಯೂಟರಿನಲ್ಲಿ ಮಾತ್ರ ಕಟ್ಟಡ ಕೆಲಸದ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ಇತ್ತು. ಯಾವ ಕೆಲಸ ಎಂದು ಶುರು, ಎಂದು ಮುಗಿಯಬೇಕು, ಯಾವುದು ಮುಗಿಯದೆ ಯಾವುದನ್ನು ಹಿಡಿಯುವಂತಿಲ್ಲ ಎಂದೆಲ್ಲ ತುಂಬಿದರೆ ಪರದೆಯ ಮೇಲೆ ನೀಲಿ ಪಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದವು. ನೋಡುವುದಕ್ಕೇ ನನಗೆ ಖುಷಿ. ಆದರೆ ಅದು ಯಾರಿಗೆ ಬೇಕೋ ಅವರ ಬಳಿ ಆ ಸಾಫ್ಟ್‌ವೇರ್ ಇರುತ್ತಿರಲಿಲ್ಲ. ಫ್ಲಾಪಿಯಲ್ಲಿ ಕೊಟ್ಟರೆ ತೆರೆಯುತ್ತಿರಲಿಲ್ಲ. ಹೆಚ್ಚಿನವರಿಗೆ ಕಂಪ್ಯೂಟರೇ ಇರಲಿಲ್ಲ. ಹಾಗಾಗಿ ಹಾಳೆ ಹಾಳೆ ಪ್ರಿಂಟ್ ತೆಗೆದು, ಅಂಚು ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ಚಾಪೆಯಂತೆ ಸುತ್ತಿ ಬಸ್ಸಿನಲ್ಲಿ ಒಯ್ದು ಕೊಡುವುದು ನನ್ನ ಪಾಲಿಗೆ ಬಂದಿತ್ತು.

ಆ ವರ್ಷ ಜರಗನಹಳ್ಳಿಯಿಂದ ಸ್ವಲ್ಪ ಒಳಗಿದ್ದ ಒಂದು ಅಂಧ ಮಕ್ಕಳ ಶಾಲೆಗೆ ಹಾಸ್ಟೆಲ್ ಕಟ್ಟುವ ಕೆಲಸ ನಮಗೆ ಸಿಕ್ಕಿತು. ಹಳೆಯ ಕಟ್ಟಡಕ್ಕೆ ತಾಗಿಕೊಂಡೇ ಹೊಸದು ಏಳಬೇಕು. ನಡುವಿನ ಗೋಡೆ ಒಡೆದು ಬಾಗಿಲು ಇಡಬೇಕು.

"ಹೆಡ್‌ಮಾಸ್ಟ್ರಿಗೆ ಷೆಡ್ಯೂಲ್ ತೋರ್ಸಿ, ಒಪ್ಪಿಗೆ ತಗೊಂಡ್ ಬಾಮ್ಮ" ಎಂದರು ನಮ್ಮ ಸಾರ್.

ಮೇಷ್ಟ್ರು ಐವತ್ತು ದಾಟಿದವರು. ನಾನು ಹೆಸರು ಹೇಳಿದ ಕೂಡಲೇ ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟರು. ಮೇಜಿನ ಮೇಲೆ ಹಾಳೆ ಬಿಡಿಸಿದೆ. ಅವರು ಎರಡೂ ಅಂಗೈಗಳಿಂದ ಅದನ್ನು ನಿಧಾನವಾಗಿ ಸವರಿದರು. ಅವರಿಗೂ ಕಣ್ಣು ಕಾಣುವುದಿಲ್ಲವೆಂದು ನನಗೆ ತಿಳಿದದ್ದು ಆಗಲೇ.

"ತುಂಬಾ ನುಣುಪಾಗಿದೆಯಮ್ಮ" ಎಂದು ನಕ್ಕರು. "ಓದಿ ಹೇಳಿ."

ಪಾಯ, ಪಿಲ್ಲರು, ತಾರಸಿ ಎಂದು ಓದುತ್ತ ಹೋದೆ. ಸ್ವಲ್ಪ ಹೊತ್ತಿಗೆ ಅವರು ಕೈ ಎತ್ತಿದರು.

"ನೀವು ಓದಿದ್ರೆ ಒಂದಾದ್ಮೇಲೆ ಒಂದು ಕೇಳ್ಸತ್ತೆ. ಆದ್ರೆ ಒಂದು ಕೆಲ್ಸ ನಡೀವಾಗ ಪಕ್ಕದಲ್ಲಿ ಇನ್ನೇನ್ ನಡೀತಿರತ್ತೆ ಅಂತ ಗೊತ್ತಾಗಲ್ವಲ್ಲ."

ಆ ಪಟ್ಟಿ ಇರುವುದೇ ಅದನ್ನು ತೋರಿಸಲು. ಹಾಳೆ ಸುತ್ತಿಕೊಂಡೆ. ಮುಂದಿನ ವಾರ ಬರುತ್ತೇನೆಂದು ಹೇಳಿ ಬಂದುಬಿಟ್ಟೆ.

ಬನಶಂಕರಿಯ ಮನೆಯಲ್ಲಿ ಅಮ್ಮ ಬಾಗಿಲ ತೋರಣಕ್ಕೆಂದು ಉಲ್ಲನ್ ಹೆಣೆಯುತ್ತ ಕೂತಿದ್ದರು. ಅವರ ಬೆರಳ ನಡುವೆ ಓಡುತ್ತಿದ್ದ ದಾರ ನೋಡುತ್ತ ನೋಡುತ್ತ ನನಗೆ ದಾರಿ ಕಂಡಿತು.

"ಅಮ್ಮ, ಒಂದಿಷ್ಟು ಉಲ್ಲನ್ ಬೇಕು. ಆಫೀಸಿಗೆ."

"ಆಫೀಸಲ್ಲಿ ಸ್ವೆಟರ್ ಹಾಕೋ ಕೆಲ್ಸಾನೂ ಕೊಟ್ರೇನೇ?"

ಭಾನುವಾರ ಮಧ್ಯಾಹ್ನ ಇಬ್ಬರೂ ದಪ್ಪ ರಟ್ಟಿನ ಮುಂದೆ ಕೂತೆವು. ವಾರಗಳಿಗೆ ಮೇಲಿನಿಂದ ಕೆಳಕ್ಕೆ ಹೊಲಿಗೆ ದಾರ. ಒಂದೊಂದು ಕೆಲಸಕ್ಕೂ ಅಡ್ಡಕ್ಕೆ ಉಲ್ಲನ್. ಹೆಚ್ಚು ಸದ್ದಿನ ಕೆಲಸಕ್ಕೆ ಎರಡೆಳೆ ಸೇರಿಸಿ ಹೊಸೆದು ದಪ್ಪ ಮಾಡಿದ್ದು ಅಮ್ಮನ ಉಪಾಯ. ಅಂಟು ಒಣಗುವವರೆಗೆ ಅದರ ಮೇಲೆ ಅಕ್ಕಿ ಡಬ್ಬಿ ಹೇರಿಟ್ಟೆವು.

ಹೇಳಿದಂತೆ ರಟ್ಟನ್ನು ಶಾಲೆಗೆ ಒಯ್ದೆ. ಮೇಷ್ಟ್ರು ಅದರ ಮೇಲೆ ಕೈಯಿಟ್ಟರು. ಒಂದು ದಾರದಿಂದ ಇನ್ನೊಂದಕ್ಕೆ ಬೆರಳು ದಾಟಿಸುತ್ತ ಹೋದರು. ಆಮೇಲೆ ಕೆಲಸಗಳ ಹೆಸರು ಕೇಳಿ ಕೇಳಿ ಸಣ್ಣ ಚೀಟಿಗಳ ಮೇಲೆ ಬ್ರೈಲ್ ಚುಕ್ಕಿ ಚುಚ್ಚಿ ಅಂಟಿಸಿದರು. ಅಷ್ಟರಲ್ಲಿ ಗುತ್ತಿಗೆದಾರರು ಬಂದರು. ಹುಬ್ಬಳ್ಳಿ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಮಾಡಿದ್ದರು.

"ಇದೇನ್ರೀ ಮೇಡಂ, ಕೌದಿ ಹೊಲದೀರೇನು?"

ನಾನು ನಗುವಷ್ಟರಲ್ಲಿ ಮೇಷ್ಟ್ರ ಬೆರಳು ಒಂದು ಕಡೆ ನಿಂತಿತು. "ಈ ದಪ್ಪದ್ದು ಯಾವ್ದು?"

"ನಡುಗೋಡೆ ಒಡೆಯೋದು ಸಾರ್. ಮಾರ್ಚಲ್ಲಿ."

"ಆಗ ನಮ್ಮ ಮಕ್ಕಳಿಗೆ ವಾರ್ಷಿಕ ಪರೀಕ್ಷೆ. ನಾವು ಪ್ರಶ್ನೆ ಓದ್ತೀವಿ, ಅವ್ರು ಕೇಳಿಸ್ಕೊಂಡು ಬರೀಬೇಕು. ಸುತ್ತಿಗೆ ಸದ್ದಲ್ಲಿ ಏನ್ ಕೇಳ್ಸತ್ತೆ ಹೇಳಿ?"

"ಮುಂದ ಹಾಕಾಕ ಆಗಂಗಿಲ್ರೀ ಸರ" ಎಂದರು ಗುತ್ತಿಗೆದಾರರು. "ಯುಗಾದಿ ಆದಮ್ಯಾಲ ನಮ್ಮ ಮಂದಿ ಊರಿಗೆ ಹೊಕ್ಕಾರ."

ಗುತ್ತಿಗೆದಾರರು ರಟ್ಟಿನ ಮೇಲೆ ಬಗ್ಗಿ, ತಾವೂ ಆ ದಾರ ಮುಟ್ಟಿ ನೋಡಿದರು. "ಸಂಕ್ರಾಂತಿಗೆ ಮಕ್ಕಳು ಊರಿಗೆ ಹೋಗ್ತಾರೇನ್ರೀ?"

"ಹೋಗ್ತಾರೆ."

"ಹಂಗಾರ ಆಗs ಒಡದು, ತಗಡು ಬಡದು ಮುಚ್ಚಿಬಿಡೋಣ." ಹಾಗೆನ್ನುತ್ತಲೇ ಉಗುರಿನಿಂದ ದಾರವನ್ನು ಪರ್ರನೆ ಕಿತ್ತು ಜನವರಿಯ ವಾರಗಳ ಮೇಲಿಟ್ಟರು. "ಅಂಟು ಹಚ್ಚರೀ ಮೇಡಂ."

ಅಂದಿನಿಂದ ಶನಿವಾರಗಳು ಅಲ್ಲೇ. ಬಸ್ಸಿಳಿದು ಹೋದರೆ ಕಾಫಿ ಬರುತ್ತಿತ್ತು. ಮೂವರೂ ರಟ್ಟಿನ ಸುತ್ತ ಕೂತು, ಮುಗಿದ ದಾರ ಕಿತ್ತು, ತಡವಾದದ್ದನ್ನು ಸರಿಸುತ್ತಿದ್ದೆವು. ತಡವಾದಾಗ ಜಗಳವೂ ಆಗುತ್ತಿತ್ತು. ಕೆಲವು ವರ್ಷಗಳ ನಂತರ ಎಲ್ಲರಿಗೂ ಇಮೇಲ್ ಬಂತು, ಯಾವ ಕಂಪ್ಯೂಟರಿನಲ್ಲೂ ತೆರೆಯುವಂತೆ ಪಟ್ಟಿ ಕಳಿಸುವುದು ಸಲೀಸಾಯಿತು. ಕಳಿಸಿದೆ ಎಂದರೆ ಮುಗಿಯಿತು. ಪಡೆದವರು ನೋಡಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನ್ನ ಓಡಾಟ ತಪ್ಪಿತು, ಒಪ್ಪುತ್ತೇನೆ. ಆದರೆ ಒಂದೇ ಪಟ್ಟಿಯ ಮೇಲೆ ಮೂವರ ಕೈ ಒಟ್ಟಿಗೆ ಇದ್ದ ಆ ಶನಿವಾರಗಳಂಥವು ಮತ್ತೆ ಸಿಗಲಿಲ್ಲ.

ಹಾಸ್ಟೆಲ್ ಏಳುತ್ತಿದ್ದಾಗ ಪ್ರತಿ ಶನಿವಾರ ನಮ್ಮ ಮಾತು ಮುಗಿದ ಮೇಲೆ ಮೇಷ್ಟ್ರು ಆ ರಟ್ಟನ್ನು ವರಾಂಡದಲ್ಲಿ ಮಕ್ಕಳ ಕೈಗೆಟುಕುವಂತೆ ತೂಗುಹಾಕಿಸುತ್ತಿದ್ದರು. ಊಟಕ್ಕೆ ಹೋಗುವ ಮಕ್ಕಳು ಅದನ್ನು ಸವರಿಕೊಂಡೇ ಹೋಗುತ್ತಿದ್ದರು. ಒಂದು ದಿನ ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಆಂಟಿ, ನಮ್ಮ ಮಂಚ ಬರೋದು ಯಾವ್ ದಾರ?"

ಮಂಚಕ್ಕೆ ದಾರವೇ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಬಣ್ಣ ಹೊಡೆದಲ್ಲಿಗೆ ಕೆಲಸ ಮುಗಿಯುತ್ತಿತ್ತು. ಮರುವಾರ ರಟ್ಟಿನ ಕೊನೆಯಲ್ಲಿ ಒಂದು ತುಂಡು ದಾರ ಅಂಟಿಸಿ, ಅವಳ ಬೆರಳು ಹಿಡಿದು ಅಲ್ಲಿಟ್ಟೆ. "ಇಷ್ಟೇ ಇಷ್ಟಾ?" ಎಂದಳು. "ಮಂಚ ತಂದಿಡೋಕೆ ಒಂದೇ ದಿನ ಸಾಕು ಪುಟ್ಟಿ" ಎಂದೆ. ಅವಳು ಓಡಿಹೋಗಿ ಗೆಳತಿಯರನ್ನೆಲ್ಲ ಕರೆತಂದು ಮುಟ್ಟಿಸಿದಳು.

ಪರೀಕ್ಷೆಗಳು ಸದ್ದಿಲ್ಲದೆ ಮುಗಿದವು. ಮುಂಗಾರು ಬೇಗ ಹಿಡಿದು ಬಣ್ಣದ ಕೆಲಸ ನಿಂತಿತು. ಶಾಲೆ ಶುರುವಾದ ಮೇಲೆಯೇ ಹಾಸ್ಟೆಲ್ ಸಿದ್ಧವಾಯಿತು. ಮಕ್ಕಳು ಒಳಹೊಕ್ಕ ದಿನ ಪಾಯಸದ ಊಟ. ಕೋಣೆ ಕೋಣೆಯಲ್ಲೂ ಮಂಚ ಯಾವ ಕಡೆ, ಕಿಟಕಿ ಯಾವ ಕಡೆ ಎಂಬ ಗಲಾಟೆ. ಗುತ್ತಿಗೆದಾರರು ಮಾತ್ರ ಕಾಲು ಧೂಳಾಗಿದೆಯೆಂದು ಹೊರಗೇ ನಿಂತಿದ್ದರು.

ಮೇಷ್ಟ್ರು ಗೋಡೆ ಹಿಡಿದು ಬಾಗಿಲವರೆಗೆ ಬಂದರು. "ಎಲ್ರೀ ಅವ್ರು?" ಎಂದು ಕೇಳಿ, ಗುತ್ತಿಗೆದಾರರು ಕೆಮ್ಮಿದ ಕಡೆಗೆ ಕೈ ಚಾಚಿದರು. "ಬನ್ನಿ ಒಳಗೆ. ನೆಲ ಒರೆಸ್ಕೊಳ್ಳೋಣ ಬಿಡಿ, ಮೊದ್ಲು ಊಟ."

ಅವರು ಚಪ್ಪಲಿ ಬಿಟ್ಟು, ಆ ಕೈ ಹಿಡಿದುಕೊಂಡು, ತಾವು ಕಟ್ಟಿದ ಮನೆಯೊಳಗೆ ನಾಚುತ್ತ ಬಂದು ಮಕ್ಕಳ ಪಂಕ್ತಿಯಲ್ಲಿ ಕೂತರು.