ಫೋನಿನಲ್ಲಿ ತೋರಿಸಲಾಗದ ಗಾಯ

2020ರ ಲಾಕ್‌ಡೌನ್ ದಿನಗಳು. ಅದರ ಹಿಂದಿನ ಬೇಸಿಗೆಯಲ್ಲಿ ಮಳೆಗೆ ಸೋರದಂತೆ ನಮ್ಮ ಮಾಳಿಗೆಗೆ ಸವಳು ಮಣ್ಣು ಹಾಕುವಾಗ ಕಾಲು ಜಾರಿ ಬಿದ್ದು, ನನ್ನ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಕೆಂಡ ಬಿದ್ದರೂ ನನಗೆ ತಿಳಿಯುವುದಿಲ್ಲ. ಯಲಬುರ್ಗಾ ಕಡೆಯ ನಮ್ಮ ಸಣ್ಣ ಊರಿನ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿಯುತ್ತಿದ್ದವಳು ನಾನು. ಗಾಲಿ ಕುರ್ಚಿಯಲ್ಲಿ ಕೂತು ಕೈ ಮಷಿನ್ ತಿರುಗಿಸುವುದನ್ನು ಆಗಷ್ಟೇ ಶುರು ಮಾಡಿದ್ದೆ. ಮೊದಲು ಹೊಲಿದ ಕುಪ್ಪಸದ ತೋಳು ಸೊಟ್ಟಗಾಗಿತ್ತು. ಆದರೂ ನನ್ನ ಖುಷಿ ಹೇಳತೀರದು.

ಬಸ್ಸು ನಿಂತಿದ್ದರಿಂದ ಕೊಪ್ಪಳದ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರ್ ಮೇಡಂ ಫೋನಿನಲ್ಲೇ ನೋಡುತ್ತೇನೆ ಎಂದರು. ನನ್ನ ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಸಿಕ್ಕಿಕೊಂಡಿದ್ದ. ವಿಡಿಯೊ ಬರುವ ಫೋನ್ ಇದ್ದದ್ದು ಮಾವನ ಹತ್ತಿರ ಮಾತ್ರ. ಅದಕ್ಕೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಮನೆ ಮುಂದಿನ ಬೇವಿನ ಗಿಡದ ಕೆಳಗೆ.

ಹಿಂದಿನ ದಿನ ಮೈ ಒರೆಸುವಾಗ ಅತ್ತೆ ಹೇಳಿದ್ದರು, "ಶಾಂತಾ, ಹಿಂದ ಹುಣಸೀ ಬೀಜದಷ್ಟು ಕರ್ರಗ ಆಗೇತಿ ನೋಡು. ಕುಂತು ಕುಂತು ಆಗಿರಬೇಕು."

"ನಾಳಿ ಮೇಡಂಗ ತೋರಿಸೂಣು ಬಿಡ್ರಿ" ಎಂದಿದ್ದೆ.

ಮರುದಿನ ಅತ್ತೆಯ ಸಡಗರ ನೋಡಬೇಕಿತ್ತು, ಹೆಣ್ಣು ನೋಡಲು ಬೀಗರೇ ಬರುವಂತಿತ್ತು. ನನಗೆ ತಲೆ ಬಾಚಿ ಹೂ ಮುಡಿಸಿದರು, ಹಸಿರು ಸೀರೆ ಉಡಿಸಿದರು, ಹೊಸ ಕೌದಿ ಹಾಸಿದರು. ಓಣಿಯ ಗಂಡಸರು ನನ್ನನ್ನು ಮಂಚದ ಸಮೇತ ಎತ್ತಿ ಬೇವಿನ ಗಿಡದ ಕೆಳಗೆ ಇಟ್ಟರು. ಡಾಕ್ಟರು ಫೋನಿನಲ್ಲಿ ಬರುತ್ತಾರೆಂದರೆ ಯಾರು ಮನೆಯಲ್ಲಿ ಕೂರುತ್ತಾರೆ? ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು ಇಡೀ ಓಣಿ ಸುತ್ತ ನಿಂತಿತು.

"ಹ್ಯಾಂಗದೀರಿ ಶಾಂತಾ?" ಮೇಡಂ ಕೇಳಿದರು.

ಜೀವ ಹೋಗುತ್ತಿದ್ದರೂ ಈ ಪ್ರಶ್ನೆಗೆ ನಮ್ಮ ಕಡೆ ಒಂದೇ ಉತ್ತರ. "ಆರಾಮ ಅದೀನ್ರಿ" ಎಂದೆ.

"ಛಲೋ ಆತು. ಮಗ್ಗಲಾಗಿ ಕುಂಡ್ರೂ ಜಾಗಾ ಒಮ್ಮೆ ತೋರಿಸ್ರಿ. ಗಾಯ ಏನರ ಆಗೇತೇನು ನೋಡತೀನಿ."

ಫೋನ್ ಹಿಡಿದಿದ್ದವರು ಮಾವ. ಮದುವೆಯಾದಾಗಿನಿಂದ ಅವರೆದುರು ನಾನು ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಪಾಪ, ಅವರು ಮುಖವನ್ನು ಆ ಕಡೆ ತಿರುಗಿಸಿದರು. ಆದರೆ ಮಂಚ ಎತ್ತಿದ ಗಂಡಸರು ಇನ್ನೂ ಅಲ್ಲೇ ಇದ್ದರು. ನಾನು ಅತ್ತೆಯ ಮುಖ ನೋಡಿದೆ. ಅವರಿಗೂ ಬೆವರು ಬಂದಿತ್ತು.

"ಏನಿಲ್ರಿ ಡಾಕ್ಟರ್ ಬಾಯಾರ, ಎಲ್ಲಾ ಛಲೋ ಐತಿ. ದಿನಾ ನಾನ ನೋಡತೀನಲ್ರಿ" ಎಂದುಬಿಟ್ಟರು.

"ಖರೇನ ಶಾಂತಾ?"

ಹೌದೆಂದು ತಲೆಯಾಡಿಸಿದೆ.

"ಹಂಗಾರ ಕುರ್ಚಿ ಮ್ಯಾಲ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕುಂಡ್ರಿ. ಹೊಲಿಯೂದು ಬಿಡಬ್ಯಾಡ್ರಿ" ಎಂದು ಮೇಡಂ ನಕ್ಕರು. ಡಾಕ್ಟರು ಎಷ್ಟು ಚೆಂದ ಮಾತಾಡಿದರು ಎಂದು ಎಲ್ಲರೂ ಹೊಗಳುತ್ತ ಹೋದರು.

ಮೇಡಂ ಹೇಳಿದಂತೆಯೇ ಮಾಡಿದೆ. ನೋವಂತೂ ಗೊತ್ತಾಗುವುದಿಲ್ಲ. ಊರವರಿಗೆಲ್ಲ ಮಾಸ್ಕ್ ಹೊಲಿಯುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೆಲವು ದಿನಕ್ಕೆ ಜ್ವರ ಬಂತು, ಹಾಸಿಗೆ ನಾರತೊಡಗಿತು. ಆಂಬುಲೆನ್ಸ್‌ನಲ್ಲಿ ಕೊಪ್ಪಳಕ್ಕೆ ಒಯ್ದರು. ಗಾಯ ತೊಳೆದಾಗ ಒಳಗಿನ ಎಲುಬು ಕಂಡು ಅತ್ತೆ ಗೋಡೆ ಹಿಡಿದು ಕುಸಿದು ಕೂತರು.

ಮೇಡಂ ಬೈಯಲಿಲ್ಲ. "ಅವತ್ತ ನೋಡಿದ್ದರ, ಕುಂಡ್ರಬ್ಯಾಡ್ರಿ ಅಂತ ಒಂದ ಮಾತು ಹೇಳತಿದ್ನಿ. ಅಷ್ಟ ಸಾಕಿತ್ತು" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಆಪರೇಷನ್ ಆಯಿತು. ಕೂತರೆ ಸಾಕು, ಗಾಯ ಮತ್ತೆ ಬಾಯಿ ಬಿಡುತ್ತದೆ. ಮಷಿನ್ ಅನ್ನು ನಾದಿನಿ ಒಯ್ದಳು. ನಾನು ಹೆಚ್ಚು ಹೊತ್ತು ಬೋರಲಾಗಿಯೇ ಮಲಗಿರುತ್ತೇನೆ.

ಈಗ ನೆಟ್‌ವರ್ಕ್ ಒಳಕೋಣೆಗೂ ಬರುತ್ತದೆ. ಮೇಡಂ ಫೋನ್ ಬಂದಾಗ ಅತ್ತೆ ಬಾಗಿಲ ಚಿಲಕ ಹಾಕಿ, ಯಾರೂ ಕೇಳುವ ಮೊದಲೇ ನನ್ನ ಬಟ್ಟೆ ಸರಿಸಿ ಫೋನ್ ಹಿಡಿಯುತ್ತಾರೆ. ಮೇಡಂ ಬಹಳ ಹೊತ್ತು ನೋಡಿ, "ಇನ್ನೂ ಕುಂಡ್ರೂದು ಬ್ಯಾಡ್ರಿ" ಎನ್ನುತ್ತಾರೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಸಂಕಟವಿದೆ. ಮುಟ್ಟಿದರೂ ತಿಳಿಯದ, ಕೊಳೆತರೂ ತಿಳಿಯದ ಈ ಮೈಗೆ ಅವತ್ತು ನಾಚಿಕೆಯೊಂದು ಹೇಗೆ ತಿಳಿಯಿತೋ ಎಂದು ಈಗಲೂ ಅಳು ಬರುತ್ತದೆ.